ಅತ್ತೆ, ಮೇಸ್ತ್ರಿ ಮತ್ತು ತಾಗದ ಒದೆ

ನನ್ನ ಸೋದರತ್ತೆಯ ಬಗ್ಗೆ ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಅವರು ಯಾರನ್ನೂ ಒದೆಯುವುದಿಲ್ಲ. ಒದೆಯುವವರಂತೆ ಕಾಲೆತ್ತುತ್ತಾರೆ, ಎದುರಿಗಿದ್ದವರ ಮೂಗಿನ ತನಕ ತರುತ್ತಾರೆ, ಅಲ್ಲಿಂದ ಗಾಳಿಯಲ್ಲಿ ತಿರುಗಿಸಿ ವಾಪಸ್ಸು ಒಯ್ಯುತ್ತಾರೆ. ಒದೆ ತಾಗಿದರೆ ಆಟ ಕೆಟ್ಟಿತೆಂದೇ ಅರ್ಥವಂತೆ. ಇದನ್ನು ನಾನು ನೆಂಟರಿಷ್ಟರಿಗೆಲ್ಲ ವಿವರಿಸಿದ್ದೇನೆ. ಅವರೆಲ್ಲ ನಂಬಿದ್ದಾರೆ ಕೂಡ. ಆದರೂ ಅತ್ತೆ ಬಂದರೆ ಸೋಫಾದ ಆಚೆ ತುದಿಗೆ ಸರಿದು ಕೂರುತ್ತಾರೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ತುಮಕೂರಿನವರು. ಸುಬಾಂಗ್ ಜಯಾದ ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸಲು ಬಂದು, ನಿವೃತ್ತರಾದ ಮೇಲೂ ಮಲೇಷ್ಯಾ ಬಿಡದೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಒಬ್ಬರೇ ಉಳಿದವರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಆಗಿದ್ರೆ ಯಾಕಾಯ್ತು ಅಂತ ನಾನೇ ಕೇಳ್ಕೋಬೇಕಾಗ್ತಿತ್ತು" ಎನ್ನುತ್ತಿದ್ದರು. ಇಂಥವರು ಅರವತ್ತರ ಹತ್ತಿರ ಹತ್ತಿರದಲ್ಲಿ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಭಗವದ್ಗೀತೆ ಓದಿಕೊಂಡಿರಬೇಕೋ ಬೇಡವೋ? ಅತ್ತೆ ಕಾಪುಯೇರಾ ಎಂಬ ಒದೆಯುವ ಕುಣಿತದ ತರಗತಿ ಸೇರಿದರು.

ಸೇರಿದ್ದಾದರೂ ಹೇಗೆ? ಹುಣಸೆಹಣ್ಣು ತರಲು ಹೋಗಿ. ಅಂಗಡಿಯ ಮೇಲಿನ ಮಹಡಿಯಿಂದ ಚಪ್ಪಾಳೆ, ಡೋಲು, ಹಾಡು ಕೇಳಿಸಿತಂತೆ. ಭಜನೆಯಿರಬೇಕೆಂದುಕೊಂಡು ಅಲ್ಲೇ ನಿಂತು ಕೇಳಿದ್ದಾರೆ. ಚಪ್ಪಾಳೆ ಹಾಕುವವರಲ್ಲಿ ಯಾರೋ ಒಬ್ಬರು ತಾಳ ತಪ್ಪುತ್ತಿದ್ದರು. ತಪ್ಪನ್ನು ಕಂಡೂ ಸುಮ್ಮನೆ ಹೋಗುವುದು ಅತ್ತೆಯ ಜಾತಕದಲ್ಲೇ ಇಲ್ಲ. ಕೈಚೀಲದ ಸಮೇತ ಮೆಟ್ಟಿಲು ಹತ್ತಿದರು. ಒಳಗೆ ಬಿಳಿ ಪ್ಯಾಂಟು ತೊಟ್ಟ ಚೀನಿ, ಮಲಾಯ್, ತಮಿಳು ಹುಡುಗ ಹುಡುಗಿಯರು ದುಂಡಗೆ ನಿಂತಿದ್ದಾರೆ. ನಡುವೆ ಇಬ್ಬರು ಒಬ್ಬರಿಗೊಬ್ಬರು ತಾಗದಂತೆ ಒದೆ ಬೀಸುತ್ತಿದ್ದಾರೆ. ಎತ್ತರದ ಕಪ್ಪು ಮನುಷ್ಯನೊಬ್ಬ ಸೋರೆಬುರುಡೆ ಕಟ್ಟಿದ ಬಿಲ್ಲಿನಂಥ ವಾದ್ಯ ಹಿಡಿದು ಅದರ ತಂತಿಯನ್ನು ಕಡ್ಡಿಯಲ್ಲಿ ಬಡಿಯುತ್ತಿದ್ದಾನೆ. ಅತ್ತೆ ಚಪ್ಪಲಿ ಬಿಟ್ಟು ನೇರ ಒಳಗೆ ನಡೆದರು. ಹುಣಸೆಹಣ್ಣನ್ನು ಮೂಲೆಯಲ್ಲಿಟ್ಟು, ತಾಳ ತಪ್ಪುತ್ತಿದ್ದವಳ ಪಕ್ಕ ಹೋಗಿ ನಿಂತು ಸರಿಯಾಗಿ ಚಪ್ಪಾಳೆ ಹಾಕತೊಡಗಿದರು. ಆ ಹುಡುಗಿಯೇ ಸಿತಿ, ಶಿಶುವಿಹಾರದ ಟೀಚರ್, ಮುಂದೆ ಅತ್ತೆಯ ಪರಮ ಶಿಷ್ಯೆ. ಹುಣಸೆಹಣ್ಣು ಮಾತ್ರ ಅಲ್ಲೇ ಮರೆತುಹೋಯಿತು.

ವಾದ್ಯದವನು ಗುರು. ಬ್ರೆಜಿಲ್‌ನ ಬಾಯಿಯಾ ಪ್ರಾಂತ್ಯದವನು. ಹೋಟೆಲೊಂದರ ಕುಣಿತದ ತಂಡದ ಜೊತೆ ಬಂದವನು, ತಂಡ ವಾಪಸ್ಸು ಹೋದರೂ ಇಲ್ಲೇ ಉಳಿದಿದ್ದ. ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ ಜನ ಕಟ್ಟಿಕೊಂಡ ವಿದ್ಯೆ ಇದು, ಕಾದಾಟವನ್ನು ಕುಣಿತದೊಳಗೆ ಬಚ್ಚಿಟ್ಟುಕೊಂಡರು ಎಂದು ಅವನು ಹೇಳುತ್ತಿದ್ದನಂತೆ. ಅತ್ತೆ ಅದನ್ನು ನನಗೆ ಕನ್ನಡದಲ್ಲಿ ಹೀಗೆ ತಿಳಿಸಿದರು: "ಒಡೆಯ ನೋಡ್ತಿದ್ರೆ ಕುಣಿತ, ಆ ಕಡೆ ತಿರುಗಿದ್ರೆ ಒದೆತ."

ಶಿಷ್ಯರು ಗುರುವನ್ನು ಕರೆಯುವುದು 'ಮೆಸ್ತ್ರಿ' ಎಂದು. ಅತ್ತೆಯ ಬಾಯಲ್ಲಿ ಅದು ಮೊದಲ ದಿನವೇ ಮೇಸ್ತ್ರಿಯಾಯಿತು. "ಸಂಜೆ ಸಿಗಲ್ಲ ಕಣೇ, ಮೇಸ್ತ್ರಿ ಹತ್ರ ಹೋಗ್ಬೇಕು" ಎಂದು ಸುಬಾಂಗ್ ಜಯಾದಲ್ಲಿರುವ ನಮಗೆ ಫೋನಿನಲ್ಲಿ ಹೇಳುವುದನ್ನು ಕೇಳಿ ಕೇಳಿ ನನ್ನ ಗಂಡ, ಅತ್ತೆ ಮನೆ ರಿಪೇರಿ ಮಾಡಿಸುತ್ತಿದ್ದಾರೆ ಎಂದೇ ತಿಳಿದಿದ್ದರು. ಒಂದು ದಿನ, "ನಮ್ಮ ಬಾತ್‌ರೂಮಿನ ಟೈಲ್ಸೂ ಎದ್ದಿದೆ, ಅವನನ್ನೇ ಕಳಿಸಿ ಅತ್ತೆ" ಎಂದರು. ಅತ್ತೆ ಕೊಂಚ ಯೋಚಿಸಿ, "ಬರ್ತಾನೆ, ಆದ್ರೆ ಉಳಿದ ಟೈಲ್ಸೂ ಏಳತ್ತೆ" ಎಂದರು.

ಆಮೇಲೆ ತಿಳಿಯಿತು, ನಮ್ಮ ಮೇಸ್ತ್ರಿ ಎಂಬ ಪದವೂ ಪೋರ್ಚುಗೀಸರಿಂದಲೇ ಬಂದದ್ದಂತೆ. ಅತ್ತೆಗೆ ನಿಧಿ ಸಿಕ್ಕಂತಾಯಿತು. ಚಾವಿ, ಬಾಲ್ದಿ, ಅಲಮಾರು, ಅನಾನಸು, ಬಟಾಟೆ ಎಂದು ಒಂದೊಂದೇ ಪದವನ್ನು ಮೇಸ್ತ್ರಿಯ ಮುಂದೆ ಇಟ್ಟರು. ಅವನು ಪ್ರತಿಯೊಂದಕ್ಕೂ ಎದೆ ಮುಟ್ಟಿಕೊಂಡು ನಕ್ಕ. ಸಿತಿ ತನ್ನ ಪಾಲಿಗೆ ಮಲಾಯ್‌ನ ಜೆಂಡೆಲಾ, ಅಲ್ಮಾರಿ, ಮೆಂತೆಗಾ ಎಂದು ಕಿಟಕಿ, ಬೀರು, ಬೆಣ್ಣೆ ಸೇರಿಸಿದಳು. ಒಮ್ಮೆ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಈ ಮೂವರೂ ಚಹಾ ಕುಡಿಯುತ್ತಾ ಬರೀ ಸಾಮಾನುಗಳ ಹೆಸರು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಪಕ್ಕದ ಮೇಜಿನವರು ಇವರನ್ನು ಹರಾಜಿನವರೆಂದು ತಿಳಿದಿರಬೇಕು.

ಅಷ್ಟರಲ್ಲಿ ಕೊರೋನಾ ಬಂತು. ಊರಿಗೆಲ್ಲ ಬೀಗ ಬೀಳುತ್ತದೆಂದು ಸುದ್ದಿಯಾದ ಕೂಡಲೇ ನಾವು ಅತ್ತೆಯನ್ನು ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಬಟ್ಟೆಯ ಚೀಲ ಒಂದು, ಔಷಧಿಯ ಡಬ್ಬಿ ಒಂದು, ಕಾರಿನ ಕಿಟಕಿಯಿಂದ ಹೊರಗೆ ಚಾಚಿಕೊಂಡ ಆ ಬಿಲ್ಲು ಒಂದು. ಅದರ ಹೆಸರು ಬೆರಿಂಬಾವ್. ಗೇಟಿನ ಗಾರ್ಡ್ ಮಾಸ್ಕಿನೊಳಗಿಂದಲೇ ಅನುಮಾನಪಟ್ಟ.

"ಆಂಟಿ, ಇದು ಬಿಲ್ಲಾ? ಬಾಣ ಎಲ್ಲಿ?"

"ಬಿಟ್ಟಾಯ್ತು, ಯಾರಿಗೆ ತಾಗಿದೆ ಅಂತ ಹುಡುಕ್ತಾ ಇದ್ದೀವಿ" ಎಂದರು ಅತ್ತೆ ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ. ಆತ ತಟ್ಟನೆ ಗೇಟು ತೆರೆದ.

ಮೇಸ್ತ್ರಿಯ ಪಾಠ ಲ್ಯಾಪ್‌ಟಾಪಿಗೆ ಬಂತು. ನಮ್ಮ ಹಾಲಿನ ಟೀಪಾಯಿ ಬಾಲ್ಕನಿಗೆ ಹೋಯಿತು. ಅತ್ತೆ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಎಡಕ್ಕೆ ಬಲಕ್ಕೆ ತೂಗಾಡುತ್ತಾ ಅಭ್ಯಾಸ ಮಾಡುವರು. ಒಗ್ಗರಣೆ ಹಾಕುವಾಗಲೂ ಆ ತೂಗಾಟ ನಿಲ್ಲದು. ಸಾಸಿವೆ ಸಿಡಿದರೆ ತಲೆ ಬಗ್ಗಿಸಿ ತಪ್ಪಿಸಿಕೊಂಡು, "ನೋಡಿದ್ಯಾ, ಇದೇ ವಿದ್ಯೆ" ಎನ್ನುವರು. ಕೆಳಗಿನ ಮನೆಯವರು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ, ಯಾರ ಮನೆಯಲ್ಲೋ ದಿನವಿಡೀ ಹಿಟ್ಟು ರುಬ್ಬುತ್ತಿದ್ದಾರೆ ಎಂದು ದೂರು ಬರೆದರು. ಅದಕ್ಕೆ ಅತ್ತೆಯೇ, ಹಿಟ್ಟು ಇನ್ನೂ ನುಣ್ಣಗಾಗಿಲ್ಲ, ದಯವಿಟ್ಟು ಸಹಕರಿಸಿ ಎಂದು ಉತ್ತರ ಬರೆಸಿದರು.

ಎಲ್ಲಕ್ಕಿಂತ ಹೆಚ್ಚು ಅನುಭವಿಸಿದ್ದು ನನ್ನ ಗಂಡ. ಸಾಫ್ಟ್‌ವೇರ್ ಕಂಪನಿಯವರು. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಲುಂಗಿ, ಹಾಲಿನ ಮೂಲೆಯಲ್ಲಿ ಮೀಟಿಂಗು. ಬೆನ್ನ ಹಿಂದಿನ ಸಂಸಾರ ಕಾಣದಿರಲೆಂದು ಪರದೆಯಲ್ಲಿ ಸಮುದ್ರತೀರದ ಚಿತ್ರ ಹಾಕಿಕೊಂಡಿದ್ದರು. ಒಂದು ದಿನ ಅವರ ಹಿಂದೆ ಅತ್ತೆ ಅರ್ಧಚಂದ್ರಾಕಾರದ ಒದೆ ಅಭ್ಯಾಸ ಮಾಡುತ್ತಿದ್ದರು. ಆ ಸಮುದ್ರ ಅತ್ತೆಯ ಇಡೀ ದೇಹವನ್ನು ನುಂಗಿತು, ಕಾಲೊಂದನ್ನು ಬಿಟ್ಟು. ಸಿಂಗಪುರದ ಮೇಲಧಿಕಾರಿಗೆ ಕಂಡದ್ದು ಇಷ್ಟು: ನೀಲಿ ಸಮುದ್ರದಿಂದ ಬೆಳ್ಳಿ ಕಾಲುಂಗುರವಿಲ್ಲದ, ಮಂಡಿಗೆ ಪಟ್ಟಿ ಕಟ್ಟಿದ ಒಂದು ಕಾಲು ಎದ್ದು, ನನ್ನ ಗಂಡನ ತಲೆಯ ಮೇಲೆ ಹಾದು, ಮತ್ತೆ ಸಮುದ್ರದಲ್ಲಿ ಮುಳುಗಿತು.

"ಅದೇನದು?" ಎಂದು ಅವರು ಕೇಳಿದರಂತೆ.

"ನನ್ನ ಹೆಂಡತಿಯ ಸೋದರತ್ತೆ" ಎಂದರಂತೆ ಇವರು. ಆ ದಿನದಿಂದ ಮೇಲಧಿಕಾರಿ ಇವರ ಜೊತೆ ಬಹಳ ಮೆತ್ತಗೆ ಮಾತಾಡುತ್ತಿದ್ದಾರೆ.

ಆದರೆ ಬೀಗ ತೆರೆಯುವುದು, ಮತ್ತೆ ಹಾಕುವುದು ಎಂದು ತಿಂಗಳುಗಳು ಉರುಳಿದಂತೆ, ಪರದೆಯಲ್ಲಿ ಕಾಣುವ ಮುಖಗಳು ಕಡಿಮೆಯಾದವು. ಅಂಗಡಿಯ ಮೇಲಿನ ಮಹಡಿ ಕೈಬಿಟ್ಟುಹೋಯಿತು. ಅತ್ತೆಗೆ ಮೊದಲಿನಿಂದಲೂ ಆ ಪರದೆಯ ಮೇಲೆ ಸಿಟ್ಟು. "ದುಂಡಗೆ ನಿಲ್ಲೋ ಜನಾನ ಚೌಕದಲ್ಲಿ ಹಾಕಿದ್ರೆ ಏನು ಉಳಿಯತ್ತೆ?" ಎನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪಿ ಗದ್ದಲವಾಗುತ್ತಿತ್ತು.

ಒಂದು ಬೆಳಿಗ್ಗೆ ಸಿತಿಯ ಫೋನು. ಬಾಯಿಯಾದಲ್ಲಿ ಮೇಸ್ತ್ರಿಯ ಗುರು ಕೊರೋನಾದಿಂದ ತೀರಿಕೊಂಡಿದ್ದರು. ಬಂದರಿನಲ್ಲಿ ಮೂಟೆ ಹೊತ್ತು ಜೀವನ ಮಾಡಿದ ಮುದುಕ. ತಂದೆಯಿಲ್ಲದ ನಮ್ಮ ಮೇಸ್ತ್ರಿಯನ್ನು ಬೀದಿಯಿಂದ ಕರೆತಂದು, ಉಣ್ಣಿಸಿ, ವಿದ್ಯೆ ಕಲಿಸಿದವರು ಅವರೇ. ವಿಮಾನಗಳಿಲ್ಲ, ಮಣ್ಣಿಗೆ ಹೋಗುವಂತಿಲ್ಲ. ಮೇಸ್ತ್ರಿ ಯಾರ ಫೋನನ್ನೂ ತೆಗೆಯುತ್ತಿಲ್ಲ. ಇನ್ನು ಪಾಠ ಇಲ್ಲ ಎಂದಷ್ಟೇ ಬರೆದು ಕಳಿಸಿದ್ದನಂತೆ.

"ಗುರು ಸತ್ರೆ ಅವರಲ್ಲಿ ಏನು ಮಾಡ್ತಾರಂತೆ?" ಎಂದು ಅತ್ತೆ ಕೇಳಿದರು.

"ಎಲ್ಲರೂ ದುಂಡಗೆ ಸೇರಿ ಹಾಡಿ ಆಡ್ತಾರೆ ಆಂಟಿ. ಬಟ್ ಹೌ? ಹೊರಗೆ ಹೋಗೋ ಹಾಗಿಲ್ಲ ಲಾ" ಎಂದಳು ಸಿತಿ, ಮಾತಿನ ತುದಿಗೆ 'ಲಾ' ಅಂಟಿಸುವ ತನ್ನ ಇಂಗ್ಲಿಷಿನಲ್ಲಿ.

ಅತ್ತೆ ಕಾಫಿ ಲೋಟವನ್ನು ಬದಿಗಿಟ್ಟರು. ಆಮೇಲೆ, "ಎಲ್ಲರನ್ನೂ ಮ್ಯೂಟ್ ಮಾಡು. ನಂದೊಂದು ಬಿಟ್ಟು. ನಾನು ಒಂದು ಸಾಲು ಹಾಡ್ತೀನಿ, ನೀವು ನಿಮ್ಮ ನಿಮ್ಮ ಮನೇಲಿ ಉತ್ತರದ ಸಾಲು ಹಾಡಿ. ನಿಮ್ಮದು ನನಗೆ ಕೇಳಲ್ಲ, ಪರವಾಗಿಲ್ಲ. ಅಷ್ಟು ಜಾಗ ಬಿಟ್ಟು ಮುಂದಿನ ಸಾಲು ತಗೋತೀನಿ" ಎಂದರು.

ಆ ಭಾನುವಾರ ಬೆಳಿಗ್ಗೆ ಬಿಟ್ಟುಹೋಗಿದ್ದವರೆಲ್ಲ ಪರದೆಗೆ ಮರಳಿದರು. ಒಂದು ಚೌಕ ಮಾತ್ರ ಕಪ್ಪಾಗಿತ್ತು. ಮೇಸ್ತ್ರಿ ಬಂದಿದ್ದ, ಮುಖ ತೋರಿಸಿರಲಿಲ್ಲ. ಅತ್ತೆ ಬೆರಿಂಬಾವ್ ಎತ್ತಿ, ತಂತಿ ಬಡಿದು, ತುಮಕೂರಿನ ಉಚ್ಚಾರದ ಪೋರ್ಚುಗೀಸಿನಲ್ಲಿ ಮೊದಲ ಸಾಲು ಹಾಡಿ ನಿಲ್ಲಿಸಿದರು. ಪರದೆಯ ತುಂಬ ಬಾಯಿಗಳು ಆಡಿದವು. ನಮ್ಮ ಹಾಲಿನಲ್ಲಿ ಮಾತ್ರ ತಂತಿಯೊಂದರ ಸದ್ದು. ಅತ್ತೆ ಯಾರೋ ಉತ್ತರಿಸುತ್ತಿದ್ದಾರೆ ಎಂಬಂತೆ ತಲೆದೂಗಿ, ಎರಡನೆಯ ಸಾಲು ಎತ್ತಿದರು. ಮತ್ತೆ ಆ ಮೌನ. ಮೂರನೆಯ ಸಾಲಿಗೆ ಅವರ ದನಿ ನಡುಗಿತು. ಕಾಲೇಜಿನ ಮಕ್ಕಳನ್ನು ಒಂದೇ ನೋಟದಲ್ಲಿ ನಡುಗಿಸುತ್ತಿದ್ದ ಹೆಂಗಸಿನ ದನಿ.

ಆಗ ಊಟದ ಮೇಜಿನ ಕಡೆಯಿಂದ ಉತ್ತರದ ಸಾಲು ಬಂತು. ನನ್ನ ಗಂಡ. ತಿಂಗಳುಗಟ್ಟಲೆ ಬೇಡಬೇಡವೆಂದರೂ ಕಿವಿಗೆ ಬಿದ್ದು ಬಿದ್ದು ಬಾಯಿಪಾಠವಾಗಿತ್ತು. ಶ್ರುತಿ ಇರಲಿಲ್ಲ, ಅರ್ಥ ಗೊತ್ತಿರಲಿಲ್ಲ. ಲುಂಗಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಹಾಡಿದರು. ನಾನೂ ಸೇರಿಕೊಂಡೆ. ಅತ್ತೆ ನಮ್ಮ ಕಡೆ ತಿರುಗಲಿಲ್ಲ, ಆದರೆ ದನಿ ಗಟ್ಟಿಯಾಯಿತು. ಹಾಗೆ ಎಷ್ಟು ಹೊತ್ತು ಹಾಡಿದೆವೋ, ಕಪ್ಪಾಗಿದ್ದ ಚೌಕ ಬೆಳಗಿತು. ಮೇಸ್ತ್ರಿ ಗಡ್ಡ ಬಿಟ್ಟುಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಅವನ ತುಟಿಗಳು ಆಡುತ್ತಿದ್ದವು.

ಹಾಡು ಮುಗಿದು ಒಬ್ಬೊಬ್ಬರಾಗಿ ಕೈಮುಗಿದು, ಎದೆ ಮುಟ್ಟಿಕೊಂಡು ಹೊರಟರು. ಕೊನೆಗೆ ಉಳಿದದ್ದು ಅತ್ತೆ ಮತ್ತು ಮೇಸ್ತ್ರಿ. ಆಮೇಲೆ ಅತ್ತೆ, ಈ ಊರಿನಲ್ಲಿ ಯಾರು ಯಾರನ್ನು ಬೇಕಾದರೂ ಕೇಳುವ ಮಾತನ್ನೇ ಮಲಾಯ್‌ನಲ್ಲಿ ಕೇಳಿದರು.

"ಸುದಾ ಮಾಕಾನ್?" ಊಟ ಆಯಿತಾ?

ಅವನು ತಲೆಯಾಡಿಸಿದ. "ಬೆಲುಮ್." ಇನ್ನೂ ಇಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ಅನ್ನ, ಸಾರು, ಪಲ್ಯ ಪೊಟ್ಟಣ ಕಟ್ಟಿ ತಪಾವ್ ಮಾಡೇ. ತಗೊಂಡು ಹೋಗೋಕೆ ಡೆಲಿವರಿ ಹುಡುಗನ್ನ ಕರಿ."

ಬೈಕು ಹೋಯಿತು. ಪೊಟ್ಟಣ ಅವನ ಬಾಗಿಲಿಗೆ ತಲುಪಿತು. ಅವನು ಅದನ್ನು ಪರದೆಯ ಮುಂದೆಯೇ ಬಿಚ್ಚಿ, ಕೈಯಲ್ಲೇ ಕಲಸಿ, ಅಳುತ್ತಾ ಉಣ್ಣತೊಡಗಿದ. ಅವನು ಊಟ ಮುಗಿಸುವವರೆಗೂ ಅತ್ತೆ ಪರದೆಯ ಮುಂದಿನಿಂದ ಏಳಲಿಲ್ಲ.