ತಮ್ಮನ ಮೂಗಿನ ನರಹುಲಿ

ಅಣ್ಣ: ತೆಗೆಸೋದು ಬೇಡ ಅಂದ್ರೆ ಬೇಡ ಕಣೋ! ಅದು ನಿನ್ನ ಮೂಗಿನ ಮೇಲೆ ಇರಬಹುದು, ಆದ್ರೆ ಇಬ್ಬರ ಆಸ್ತಿ!

ತಮ್ಮ: ಹಾಗಾದ್ರೆ ನಿನ್ನ ಪಾಲು ಕಿತ್ಕೊಂಡು ನಿನ್ನ ಮೂಗಿಗೆ ಅಂಟಿಸ್ಕೋ.

ಇಬ್ಬರೂ ಅವಳಿಗಳು. ಚರ್ಮದ ಡಾಕ್ಟರ ಕೋಣೆಯಲ್ಲಿ ಅಕ್ಕಪಕ್ಕ ಕುಳಿತಿದ್ದರೆ ನಡುವೆ ಕನ್ನಡಿ ಇಟ್ಟಂತೆ ಕಾಣುತ್ತಿತ್ತು. ಇದ್ದ ವ್ಯತ್ಯಾಸವೊಂದೇ, ತಮ್ಮನ ಮೂಗಿನ ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ನರಹುಲಿ. ಇಬ್ಬರೂ ಸೇರಿ ಕಟಿಂಗ್ ಶಾಪ್ ನಡೆಸುತ್ತಿದ್ದರು. ಕೈಚಳಕವೆಲ್ಲ ತಮ್ಮನದೆಂದು ಊರಿಗೇ ಗೊತ್ತು. ಬಂದವರು ಬಾಗಿಲಲ್ಲಿ ಇಣುಕಿ, ನರಹುಲಿ ಯಾವ ಮೂಗಿನ ಮೇಲಿದೆಯೆಂದು ನೋಡಿಕೊಂಡು ಆ ಕುರ್ಚಿಗೇ ಕಾಯುತ್ತಿದ್ದರು. ಅಣ್ಣ ತನ್ನ ಖಾಲಿ ಕುರ್ಚಿಯಲ್ಲಿ ತಾನೇ ಕುಳಿತು ಪೇಪರ್ ಓದುತ್ತಿದ್ದ. ನಿಂತೂ ನಿಂತೂ ತಮ್ಮನ ಸೊಂಟ ಬಿದ್ದುಹೋಗಿತ್ತು. ಪಾಪ, ಅವನು ಇಲ್ಲಿಗೆ ಬಂದದ್ದು ಅಂದದ ಆಸೆಗಲ್ಲ. ಗುರುತೇ ಅಳಿಸಿಹೋದರೆ ಅರ್ಧ ಜನವಾದರೂ ಅಣ್ಣನ ಪಾಲಿಗೆ ಬಿದ್ದಾರು, ತಾನೂ ಒಂದಿಷ್ಟು ಹೊತ್ತು ಕೂತೇನು ಎಂಬ ಆಸೆ.

ಟೋಪಿ, ಮಾಸ್ಕ್ ಹಾಕಿಕೊಂಡ ಡಾಕ್ಟರು ಬಂದರು. ಅವರು ಯಾರ ಮುಖವನ್ನೂ ಪೂರ್ತಿ ನೋಡುವವರಲ್ಲ. ಭೂತಗನ್ನಡಿ ಹಿಡಿದು ನೇರವಾಗಿ ನರಹುಲಿಯ ಮೇಲೆ ಬಗ್ಗಿದರು.

ಡಾಕ್ಟ್ರು: ಏನೂ ಅಪಾಯ ಇಲ್ಲ. ಇದ್ರೂ ಪರವಾಗಿಲ್ಲ, ಹೋದ್ರೂ ಪರವಾಗಿಲ್ಲ.

ಅಣ್ಣ: ನೋಡು, ಇದ್ರೂ ಪರವಾಗಿಲ್ವಂತೆ!

ತಮ್ಮ: ಹೋದ್ರೂ ಪರವಾಗಿಲ್ವಂತೆ!

ಡಾಕ್ಟ್ರು: ಆದ್ರೆ ಇದನ್ನ ಹೊತ್ಕೊಂಡು ನಾಲ್ಕು ಜನರ ಮುಂದೆ ಹೇಗ್ರೀ ಓಡಾಡ್ತೀರಿ? ತೆಗೆದುಬಿಡೋಣ. ಈ ಬಾಟ್ಲಿಯಲ್ಲಿರೋದು ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುತ್ತೆ. ಪುಸ್ ಅಂತ ಹೊಡೆದ್ರೆ ನರಹುಲಿ ಹೆಪ್ಪುಗಟ್ಟುತ್ತೆ, ಆಮೇಲೆ ತಾನಾಗೇ ಉದುರುತ್ತೆ.

ಅಣ್ಣ: ಜೊತೆಗೆ ಮೂಗೂ ಉದುರಿದ್ರೆ?

ಡಾಕ್ಟ್ರು: ಈವರೆಗೆ ಯಾರೂ ಬಂದು ದೂರು ಹೇಳಿಲ್ಲ.

ಅಣ್ಣ: ಮೂಗು ಕಳ್ಕೊಂಡೋರು ಯಾವ ಮುಖ ಇಟ್ಕೊಂಡು ಬರ್ತಾರೆ!

ಡಾಕ್ಟರು ಬಾಟಲಿ ಎತ್ತಿದರು. ಅದರ ಮೂತಿಯಿಂದ ಬಿಳಿ ಹೊಗೆ ಇಳಿಯಿತು. ತಮ್ಮ ಕಣ್ಣು ಮುಚ್ಚಿ ಮೂಗು ಮುಂದಿಟ್ಟ.

ಡಾಕ್ಟ್ರು: ಏನು ಕೆಲಸ ನಿಮ್ದು?

ತಮ್ಮ: ಕಟಿಂಗ್ ಶಾಪು ಸಾರ್. ಮೂಲೆ ಬೇಕರಿ ಪಕ್ಕ.

ಡಾಕ್ಟರ ಕೈ ಅಲ್ಲೇ ನಿಂತಿತು. ಮೂಗಿನ ಸುತ್ತ ಇದ್ದ ಮುಖವನ್ನು ಆಗ ನೋಡಿದರು, ಪಕ್ಕದ ಮುಖವನ್ನೂ ನೋಡಿದರು. ಬಾಟಲಿ ಕೆಳಗಿಟ್ಟು, ಟೋಪಿ ಮಾಸ್ಕ್ ತೆಗೆದು ತಲೆ ಸವರಿಕೊಂಡರು. ಉಳಿದಿದ್ದ ನಾಲ್ಕು ಕೂದಲನ್ನು ಹದವಾಗಿ ಕತ್ತರಿಸಿ, ಹರಡಿ, ಬೋಳು ಕಾಣದ ಹಾಗೆ ಮಾಡಿದ್ದು ತಮ್ಮನೇ. ಅಣ್ಣತಮ್ಮಂದಿರಿಗೂ ಆಗ ಗುರುತು ಹತ್ತಿತು.

ಡಾಕ್ಟ್ರು: ಇರ್ಲಿ ಬಿಡಿ. ಅದ್ರಿಂದ ಮುಖಕ್ಕೊಂದು ಕಳೆ ಇದೆ.

ತಮ್ಮ: ಈಗ ತಾನೇ ಹೇಗ್ರೀ ಓಡಾಡ್ತೀರಿ ಅಂದ್ರಲ್ಲ!

ಡಾಕ್ಟ್ರು: ಓಡಾಡೋದ್ಯಾಕೆ? ಅಂಗಡೀಲೇ ಇರಿ. ವೈದ್ಯಶಾಸ್ತ್ರ ಬೆಳೀತಾ ಇರುತ್ತಪ್ಪ, ಅಭಿಪ್ರಾಯ ಬದಲಾಗುತ್ತೆ.

ತಮ್ಮ: ಅರ್ಧ ನಿಮಿಷದಲ್ಲಾ?

ಡಾಕ್ಟ್ರು: ನಿಮ್ಮ ಹತ್ರ ಮುಚ್ಚಿಡೋದೇನು. ಒಂದ್ಸಲ ಅವಸರದಲ್ಲಿ ಮೂಗು ನೋಡದೆ ನಿಮ್ಮಣ್ಣನ ಕುರ್ಚೀಲಿ ಕೂತ್ಬಿಟ್ಟೆ. ಮನೆಗೆ ಹೋದ್ರೆ ನನ್ನ ಹೆಂಡತಿನೇ ಬಾಗಿಲು ತೆಗೆಯೋಕೆ ಹಿಂದೆ ಮುಂದೆ ನೋಡಿದ್ಲು!

ಅಣ್ಣನಿಗೆ ನಗು ತಡೆಯಲಾಗಲಿಲ್ಲ.

ಅಣ್ಣ: ಬೇಕಂತಲೇ ಮಾಡಿದ್ದು ಡಾಕ್ಟ್ರೇ! ಚೆನ್ನಾಗಿ ಕತ್ತರಿಸೋಕೆ ನಂಗೂ ಬರುತ್ತೆ. ಆಗಾಗ ಒಂದು ತಲೆ ಕೆಡಿಸಿದ್ರೆ ಸಾಕು, ಮಿಕ್ಕೋರು ನನ್ನ ತಂಟೆಗೇ ಬರಲ್ಲ.

ಅಂದವನು ನಾಲಿಗೆ ಕಚ್ಚಿಕೊಂಡ. ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನಿಗೆ ಕೈ ಓಡುವುದಿಲ್ಲವಲ್ಲ ಎಂದು ಮರುಗಿ, ಇಷ್ಟು ವರ್ಷ ಊರಿನ ತಲೆಗಳನ್ನೆಲ್ಲ ಒಬ್ಬನೇ ನೋಡಿಕೊಂಡಿದ್ದ. ಅವನು ನಿಧಾನವಾಗಿ ಎದ್ದು ನಿಂತ.

ತಮ್ಮ: ಸರಿ ಡಾಕ್ಟ್ರೇ, ನರಹುಲಿ ಇರ್ಲಿ. ನಾನೂ ಒಂದು ತಲೆ ಕೆಡಿಸ್ತೀನಿ. ಈ ಭಾನುವಾರ ನೀವು ಬರ್ತೀರಲ್ಲ?

ಡಾಕ್ಟ್ರು: ಅಯ್ಯೋ, ಕೂತ್ಕೊಳ್ರೀ! ಒಂದು ನಿಮಿಷದ ಕೆಲಸ!

ಬಾಟಲಿ ಪುಸ್ ಎಂದಿತು. ತಮ್ಮ ಅಯ್ಯಮ್ಮಾ ಎಂದ. ಅಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ.

ಅಣ್ಣ: ಮುಗೀತು ನನ್ನ ಕಥೆ. ಡಾಕ್ಟ್ರೇ, ಇದು ಮತ್ತೆ ಬರೋ ಚಾನ್ಸ್ ಏನಾದ್ರೂ ಇದ್ಯಾ?

ಡಾಕ್ಟ್ರು: ಬಂದ್ರೂ ಬರಬಹುದು. ವೈರಸ್ ನೋಡಿ. ಜೊತೇಲಿರೋರಿಗೂ ಅಂಟುತ್ತೆ. ಒಂದೇ ಟವೆಲ್ಲು ಬಳಸಿದ್ರೂ ಸಾಕು.

ಅಣ್ಣ ಮೆಲ್ಲನೆ ಮೂಗು ಮುಟ್ಟಿ ನೋಡಿಕೊಂಡ. ತನ್ನ ಟವೆಲ್ ಒಗೆಯುವ ಸೋಮಾರಿತನಕ್ಕೆ ಅವನು ದಿನಾ ಮುಖ ಒರೆಸಿಕೊಳ್ಳುತ್ತಿದ್ದದ್ದು ತಮ್ಮನ ಟವೆಲಿನಲ್ಲಿ.

ತಮ್ಮ: ಬರ್ಲಿ ಬಿಡಣ್ಣ. ಊರಿಗೆ ಊರೇ ನಿನ್ನ ಕುರ್ಚಿ ಮುಂದೆ ಬಂದು ನಿಲ್ಲುತ್ತೆ!

ಅಣ್ಣ ತಮ್ಮನನ್ನು ಕುರ್ಚಿಯಿಂದ ಎಬ್ಬಿಸಿ ತಳ್ಳಿ, ತಾನೇ ಕುಳಿತು ಮೂಗು ಮುಂದೆ ಚಾಚಿದ.

ಅಣ್ಣ: ಹೊಡೀರಿ ಡಾಕ್ಟ್ರೇ!

ಡಾಕ್ಟ್ರು: ಅಲ್ಲಿ ಏನೂ ಇಲ್ವಲ್ರೀ!

ಅಣ್ಣ: ಬರೋಕೆ ಮುಂಚೇನೇ ಹೊಡೀರಿ!