ಇ ಡ್ರೈವಿನ ಸೇವಾ ಜ್ಯೇಷ್ಠತೆ

ಶಹಾಬಾದಿನ ನಮ್ಮ ದೃಢೀಕರಣ ಉಪಕಚೇರಿಯಲ್ಲಿ ಎರಡು ಕಂಪ್ಯೂಟರುಗಳಿದ್ದು, ಕಳೆದ ಸೋಮವಾರದವರೆಗೆ ಅವುಗಳ ಪೈಕಿ ಒಂದು ನಡೆಯುತ್ತಿತ್ತು ಎಂದು ಈ ಮೂಲಕ ತಿಳಿಸಲಾಗಿದೆ. ತಿಳಿಸುತ್ತಿರುವವನು ಖಂಡಪ್ಪ, ದ್ವಿತೀಯ ದರ್ಜೆ ಸಹಾಯಕ, ಹತ್ತೊಂಬತ್ತು ವರ್ಷದಿಂದ ಬಡ್ತಿ ಪಟ್ಟಿಯಲ್ಲಿ ಎರಡನೆಯವನು. ಮಾತಿನಲ್ಲಿ ಸಿಟ್ಟು ಕಂಡರೆ ಅದು ಆ ಹತ್ತೊಂಬತ್ತು ವರ್ಷದ್ದು.

ಆ ಸೋಮವಾರ ಭಂಕೂರಿನ ಪೂನಮ್ ಬಂದಳು. ಆಕೆಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸಂಜೆ ಐದರೊಳಗೆ ಗ್ರಾಮೀಣ ಪ್ರಮಾಣಪತ್ರ ಕೊಡದಿದ್ದರೆ ಸೀಟು ಇನ್ನೊಬ್ಬರ ಪಾಲು. ಪತ್ರವೇನೋ ಸಿದ್ಧವಿತ್ತು, ಆದರೆ ವಿಂಡೋಸ್ ಕೆಟ್ಟು ಮಲಗಿದ ಮೊದಲನೇ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಕೈಯಲ್ಲಿ ಬರೆದುಕೊಡಲು ನಿಯಮವಿಲ್ಲ.

"ಫಿಕರ್ ಮಾಡಬ್ಯಾಡವ್ವ," ಎಂದ ಹೊರಗುತ್ತಿಗೆ ಆಪರೇಟರ್ ಸಾಯಿಕುಮಾರ. "ಎರಡನೇ ಕಂಪ್ಯೂಟರಿನ ವಿಂಡೋಸಿನಿಂದ ಈ ಪೆನ್‌ಡ್ರೈವಿಗೆ ವಿಂಡೋಸಿನಂಥದೇ ಲಿನಕ್ಸ್ ಹಾಕ್ತೀನಿ, ಬೂಟ್‌ಲೋಡರ್ ಕೂಡಿಸ್ತೀನಿ. ಬೂಟ್‌ಲೋಡರ್ ಅಂದ್ರ ಮಷೀನ್ ಎಬ್ಬಿಸೋ ಪ್ರೋಗ್ರಾಮ್. ಆಮ್ಯಾಲೆ ಪೆನ್‌ಡ್ರೈವ್ ಚುಚ್ಚಿದ್ರ ಮಲಗಿದ್ದು ಎದ್ದು ಕುಂದರ್ತದ. ಹತ್ತೇ ನಿಮಿಷ."

ಹತ್ತು ನಿಮಿಷದ ಕೆಲಸಕ್ಕೂ ಕಡತ ಬೇಕು. ಅಧೀಕ್ಷಕ ಜಗದೇವಪ್ಪನವರು ಕಡತ ಓದಿ, "ಬೂಟ್‌ಲೋಡರನ್ನು ಇ ಡ್ರೈವಿನಲ್ಲಿ ಸ್ಥಾಪಿಸುವುದು" ಎಂಬಲ್ಲಿ ಕೆಂಪು ಗೆರೆ ಎಳೆದರು.

"ಈ ಇ ಯಾರು?"

"ಪೆನ್‌ಡ್ರೈವ್ ರಿ. ಈಗ ಚುಚ್ಚೀನಿ."

"ಸಿ, ಡಿ?"

"ಕಂಪ್ಯೂಟರಿನ ಒಳಗಿನವು ರಿ. ಮೊದಲಿಂದ ಅವ."

"ಮೊದಲಿಂದ ಇದ್ದವರನ್ನ ಬಿಟ್ಟು ಇವತ್ತು ಬಂದವಗ ಹುದ್ದೆ ಕೊಡ್ತೀಯೇನೋ? ನಾಳೆ ಸಿ ಕೋರ್ಟಿಗೆ ಹೋದ್ರ ಉತ್ತರ ಕೊಡೋರು ಯಾರು?"

ನಾನು ಮೇಜು ಕುಟ್ಟಿ ಬೆಂಬಲಿಸಿದೆ. ಹೊಟ್ಟೆಯುರಿ ಅನ್ನಿ, ಏನಾದರೂ ಅನ್ನಿ. ನನ್ನನ್ನು ದಾಟಿ ಮೂವರು ಮೇಲೆ ಹೋಗಿದ್ದಾರೆ.

"ಸರ್, ಸಿ ಮ್ಯಾಲೆ ಹಾಕಿದ್ರ ಇದರ ವಿಂಡೋಸೂ ಸಾಯ್ತದ ರಿ!" ಸಾಯಿಕುಮಾರ ಕೈಮುಗಿದ.

"ಸಾಯಲಿ. ನಿಯಮ ಉಳೀಬೇಕು."

ಆದೇಶ ಹೊರಟಿತು: "ಸೇವಾ ಜ್ಯೇಷ್ಠತೆಯ ಆಧಾರದ ಮೇಲೆ ಶ್ರೀ ಸಿ ಡ್ರೈವ್ ಅವರಲ್ಲಿ ಬೂಟ್‌ಲೋಡರನ್ನು ಸ್ಥಾಪಿಸತಕ್ಕದ್ದು. ಶ್ರೀ ಇ ಅವರು ಪರೀಕ್ಷಾರ್ಥ ಅವಧಿಯಲ್ಲಿರುವುದರಿಂದ ಸದರಿ ಸ್ಥಳದಿಂದ ಅಲುಗಾಡತಕ್ಕದ್ದಲ್ಲ."

ನಾಲ್ಕೂವರೆಗೆ ಸಾಯಿಕುಮಾರ ಆದೇಶ ಪಾಲಿಸಿ ಕಂಪ್ಯೂಟರ್ ಮರುಚಾಲೂ ಮಾಡಿದ. ಅದೂ ಮಲಗಿತು. ಸಿ ಅವರು ಕರ್ತವ್ಯದಲ್ಲಿರುವಾಗಲೇ ನಿಧನರಾದ ಕಾರಣ ಕರಿ ಪರದೆಯ ಮುಂದೆ ಎರಡು ನಿಮಿಷ ಮೌನ ಆಚರಿಸಲಾಯಿತು. ಪೂನಮ್ ಕೂಡ ಎದ್ದು ನಿಂತಳು. ಬಳಿಕ, ಒಂದೇ ಡಿಸ್ಕಿನಲ್ಲಿ ಹುಟ್ಟಿದ ತಮ್ಮನೆಂದು ಡಿ ಅವರಿಗೆ ಅನುಕಂಪದ ಆಧಾರದಲ್ಲಿ ಹುದ್ದೆ ನೀಡುವ ಬಗ್ಗೆ ಚರ್ಚೆ ನಡೆಯಿತು. ಸರ್ವಾನುಮತದಿಂದ ಪಾಸಾಗುವಾಗ ಗಡಿಯಾರದಲ್ಲಿ ಐದೂಕಾಲು.

"ಹೋಯ್ತಲ್ರಿ ನನ್ನ ಸೀಟು!" ಪೂನಮ್ ಅತ್ತುಬಿಟ್ಟಳು. ನನಗೂ ಭಾಳ ಕೆಡುಕೆನಿಸಿತು. ನೀರು ಕೊಟ್ಟೆ. ನಿಯಮ ವಿವರಿಸಿದೆ. ಆಕೆ ಪೂರ್ತಿ ಕೇಳಿ, ಮೂಗು ಒರೆಸಿಕೊಂಡಳು.

"ಸರ್, ಡಿ ಅವರು ರಿಟೈರ್ ಯಾವಾಗ ಆಗ್ತಾರ್ರಿ?"

ಜಗದೇವಪ್ಪನವರು ಖರೀದಿ ದಿನಾಂಕ ನೋಡಿ ಎಣಿಸಿದರು. "ಮುಂದಿನ ಜೂನ್ ಮೂವತ್ತು."

"ಮುಂದಿನ ವರ್ಷದ ಸೀಟಿಗೆ ಜುಲೈದಾಗ ಕರೀತಾರ್ರಿ. ಅಷ್ಟರಾಗ ಇ ಅವರ ಪಾಳಿ ಬಂದಿರ್ತದ, ಹಂಗಾರ ನಡೀತದ." ಪೂನಮಳ ಮುಖ ಅರಳಿತು. "ಅವರ ಬೀಳ್ಕೊಡುಗೆಗೆ ಹಾರ ನಾನೇ ತರ್ತೀನ್ರಿ."

ನಾನು ಹಾರದ ಜವಾಬ್ದಾರಿಯನ್ನು ಆಕೆಯ ಹೆಸರಿಗೆ ಬರೆದುಕೊಂಡೆ.