ಹನ್ನೊಂದನೇ ನಂಬರಿನ ಅಂಗಿ

ಎಲ್ಲದಕ್ಕೂ ಕಾರಣ ಇನಾಯತನ ಬಲ ಮೊಣಕಾಲು. ಇಪ್ಪತ್ತು ವರ್ಷ ಶಹಾಪುರದ ಒಂದೇ ಬಾಸ್ಕೆಟ್‌ಬಾಲ್ ತಂಡಕ್ಕಾಗಿ ಹಾರಿ ಹಾರಿ ಅದು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಯಾದಗಿರಿಯವರು ಎಷ್ಟು ಕರೆದರೂ ಹೋಗದೆ, ಸೈಕಲ್ ಅಂಗಡಿಗೆ ಬೀಗ ಹಾಕಿ ಊರಿಗಾಗಿಯೇ ಆಡಿದವನು.

"ಇವತ್ತ ಬೀಳ್ಕೊಡೋ ಸನ್ಮಾನ ಅಷ್ಟ. ಇನ್ನ ಆಡಂಗಿಲ್ಲ," ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

"ಚೆಂಡು ಮುಟ್ಟಿದ್ರ ಮನಿಗೆ ಬರಬ್ಯಾಡ್ರಿ," ಎಂದಿದ್ದಳು ಖುರ್ಷೀದಬೇಗಂ. ಒಂದು ಆಟವನ್ನೂ ನೋಡಿರದ ಅವಳು ಇಂದು ಕಾವಲಿಗೆಂದೇ ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

ಸಂಜೆ ಸುರಪುರದವರೊಡನೆ ಪಂದ್ಯ. ಅದಕ್ಕೂ ಮೊದಲು ಶಾಲು, ಹಾರ, ಹಣ್ಣಿನ ಬುಟ್ಟಿ. ಕ್ಲಬ್ಬಿನ ಅಧ್ಯಕ್ಷ ಮಹಾದೇವಪ್ಪ ಮೈಕು ಹಿಡಿದು ತಾವೇ ಅತ್ತರು.

"ಈ ಹನ್ನೊಂದನೇ ನಂಬರಿನ ಅಂಗಿ ಇನಾಯತನ್ನ ಬಿಟ್ಟು ಯಾರೂ ತೊಡಂಗಿಲ್ಲ. ಇದು ಊರಿನ ಮಾತು."

ಸುರಪುರದವರೂ ಎದ್ದು ಚಪ್ಪಾಳೆ ತಟ್ಟಿದರು. ಇನಾಯತ ಎದ್ದು ಕೈ ಮುಗಿದ. "ಈ ಊರಿನ ಋಣ ಹ್ಯಾಂಗ ತೀರಿಸ್ಲಿ," ಎಂದಷ್ಟೇ ಹೇಳಿ ಕುಳಿತ.

ದಾರಿ ಬೇಗನೆ ಸಿಕ್ಕಿತು. ಅವನ ಬದಲಿಗೆ ಆಡಬೇಕಿದ್ದ ಬಾಲರಾಜ ಬರಿಮೈಯಲ್ಲಿ ನಿಂತಿದ್ದ. ತಂಡಕ್ಕೆ ಉಳಿದಿದ್ದವು ಐದೇ ಅಂಗಿ. ಮಿಕ್ಕವು ಹರಿದು ಇನಾಯತನ ಅಂಗಡಿಯಲ್ಲೇ ಸೈಕಲ್ ಒರೆಸುತ್ತಿದ್ದವು. ನಾಲ್ವರು ನಾಲ್ಕು ತೊಟ್ಟಿದ್ದರು. ಐದನೆಯದು ಇನಾಯತನ ಕೈಯಲ್ಲಿದ್ದ ಹನ್ನೊಂದನೇ ನಂಬರು. ನಂಬರಿಲ್ಲದವನನ್ನು ರೆಫ್ರಿ ಒಳಗೆ ಬಿಡಲಿಲ್ಲ.

ಇನಾಯತ ಅಂಗಿ ಚಾಚಿದ. ಬಾಲರಾಜ ಹಿಂದೆ ಸರಿದ. "ಅಣ್ಣಾ, ಊರ ಮುಂದ ಮಾತಾಗ್ಯಾದ. ನಾ ತೊಟ್ರ ಜನ ಬಿಡ್ತಾರೇನು?"

"ಸಾವ್ಕಾರ್ರ, ಮಾತು ವಾಪಸ್ ತಗೋರಿ," ಎಂದು ಇನಾಯತ ಅಧ್ಯಕ್ಷರನ್ನು ಬೇಡಿಕೊಂಡ.

"ಈಗಷ್ಟ ಹೇಳೀನಲ್ಲೋ. ಹಾರದ ಹೂವರ ಬಾಡ್ಲಿ," ಎಂದರು ಮಹಾದೇವಪ್ಪ.

ಸುರಪುರದ ನಾಯಕ ವೆಂಕಪ್ಪನೂ ತಲೆ ಹಾಕಿದ. "ನಾವೂ ಚಪ್ಪಾಳಿ ಹೊಡ್ದೀವ್ರಿ. ಬ್ಯಾರೇದವ್ರು ತೊಟ್ರ ನಾವು ಆಡಂಗಿಲ್ಲ."

ಎಲ್ಲರೂ ಇನಾಯತನನ್ನು ನೋಡಿದರು. ಅವನು ಹೆಂಡತಿಯ ಕಡೆ ನೋಡದೆ ಹಾರ ತೆಗೆದ.

ಕುಂಟುತ್ತಲೇ ಆಡಿದ. ಗೆಲುವಿನ ಕೊನೆಯ ಬಾಸ್ಕೆಟ್ಟೂ ಅವನದೇ. ಜನ ಹೆಗಲ ಮೇಲೆ ಹೊತ್ತು ಮೆರೆಸಿದಾಗ, ಮೊಣಕಾಲು ಉರಿಯುತ್ತಿದ್ದರೂ, ಇಷ್ಟು ಪ್ರೀತಿ ಉಂಡ ತಾನು ಪುಣ್ಯವಂತ ಎಂದು ಅವನಿಗೆ ನಿಜವಾಗಿ ಅನಿಸಿತು.

ಕೆಳಗಿಳಿದರೆ ಎದುರಿಗೇ ಖುರ್ಷೀದಬೇಗಂ. ಇನ್ನು ಅವನ ಮೊಣಕಾಲಿಗೆ ಉಳಿದ ದಿಕ್ಕು ಅವಳೊಬ್ಬಳೇ. ಬೈದು ಮನೆಗೆ ಎಳೆದೊಯ್ಯಲಿ, ಈ ಆಟ ಇಲ್ಲಿಗೇ ಮುಗಿಯಲಿ ಎಂದು ತಲೆ ಬಗ್ಗಿಸಿ ನಿಂತ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನೀವು ಹಿಂಗ ಆಡ್ತೀರಂತ ಇಷ್ಟ ವರ್ಷ ನಂಗ ಗೊತ್ತೇ ಇದ್ದಿಲ್ಲ ನೋಡ್ರಿ. ಆ ಅಂಗಿ ತರ್ರಿ, ಒಗದ ಇಡ್ತೀನಿ. ಮುಂದಿನ ಆಟ ಯಾವಾಗ?"